ಎಲುಥೆರಾದಲ್ಲಿ ಒಂದು ಸೆಮಿಸ್ಟರ್: ಹೈಸ್ಕೂಲ್ ಮಗುವನ್ನು ದ್ವೀಪಕ್ಕೆ ಕಳುಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ಊಟಕ್ಕೆ ಕುಳಿತವಳು, "ಅಪ್ಪಾ, ಮುಂದೆ ಒಂದು ಸೆಮಿಸ್ಟರ್ ಬಹಾಮಾಸ್‌ನಲ್ಲಿ ಓದುತ್ತೇನೆ" ಎಂದಳು. ಬಹಾಮಾಸ್ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಮಯಾಮಿಯಿಂದ ಹೊರಡುವ ವಿಹಾರದ ಹಡಗು ಮತ್ತು ಅದರ ಮೇಲೆ ದಿನಕ್ಕೆ ಐದು ಹೊತ್ತು ಉಣ್ಣುವ ಜನ. ಅಲ್ಲಿ ಓದುವುದಕ್ಕೆ ಏನಿದೆ ಎಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಹಾಗೆ ಶುರುವಾದ ಮಾತು ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಈಗ ಉತ್ತರ ಕೆರೊಲಿನಾದ ಕನ್ನಡದ ಮನೆಗಳಿಂದ ಆಗಾಗ ಫೋನ್ ಬರುತ್ತದೆ, ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಆಯಿತು ಎಂದು ಕುಳಿತಿದ್ದೇನೆ.

ಶಾಲೆಯ ಹೆಸರು ದಿ ಐಲೆಂಡ್ ಸ್ಕೂಲ್. ಬಹಾಮಾಸ್‌ನ ಎಲುಥೆರಾ ದ್ವೀಪದ ದಕ್ಷಿಣದಲ್ಲಿ, ಕೇಪ್ ಎಲುಥೆರಾ ಎಂಬ ಭೂಶಿರದಲ್ಲಿದೆ. ಕ್ರಿಸ್ ಮತ್ತು ಪ್ಯಾಮ್ ಮ್ಯಾಕ್ಸಿ ದಂಪತಿ ಇದನ್ನು 1999ರಲ್ಲಿ ಆರಂಭಿಸಿದರು. ಅಮೆರಿಕದ ಹೈಸ್ಕೂಲ್ ಮಕ್ಕಳು ತಮ್ಮ ಶಾಲೆಯನ್ನು ಬಿಡದೆ, ಒಂದೇ ಸೆಮಿಸ್ಟರ್ ಅಂದರೆ ಸುಮಾರು ನೂರು ದಿನ, ಇಲ್ಲಿಗೆ ಬಂದು ಓದಿ ಹಿಂದಿರುಗುತ್ತಾರೆ. ಪಕ್ಕದಲ್ಲೇ ಕೇಪ್ ಎಲುಥೆರಾ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಕೇಂದ್ರವಿದೆ. ಶಾರ್ಕ್, ಕಡಲಾಮೆ, ಹವಳದ ದಿಬ್ಬ, ಮೀನುಗಾರಿಕೆ ಇವುಗಳ ಮೇಲೆ ಅಲ್ಲಿ ನಡೆಯುವ ಕೆಲಸದಲ್ಲಿ ಮಕ್ಕಳೂ ಕೈ ಜೋಡಿಸುತ್ತಾರೆ. ಬೇಸಿಗೆಯಲ್ಲಿ ಕೆಲವೇ ವಾರಗಳ ಶಿಬಿರವೂ ಉಂಟು. ಭೂಗೋಳದ ಲೆಕ್ಕದಲ್ಲಿ ಬಹಾಮಾಸ್ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ. ಕೆರಿಬಿಯನ್ ಸಮುದ್ರ ಕ್ಯೂಬಾದ ಆಚೆಗೆ. ಆದರೆ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್‌ನ ಸದಸ್ಯ ದೇಶವಾದ್ದರಿಂದ ಎಲ್ಲರೂ ಅದನ್ನು ಆ ಸಾಲಿಗೇ ಸೇರಿಸುತ್ತಾರೆ. ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದಲ್ಲಿ ಮಾತ್ರ ಅದು ಇಲ್ಲ. ಊರಿನಲ್ಲಿರುವ ನನ್ನ ತಮ್ಮ ಇದನ್ನು ಕೇಳಿದ ಕೂಡಲೇ ಆಸಕ್ತಿ ಕಳೆದುಕೊಂಡ.

ಹೆಜ್ಜೆ 1: ಯಾವ ಸೆಮಿಸ್ಟರ್ ಎಂದು ಮೊದಲು ತೀರ್ಮಾನಿಸಿ

ಕ್ಯಾಲೆಂಡರ್ ಹರಡಿಕೊಂಡು ಕುಳಿತುಕೊಳ್ಳಿ. ಹನ್ನೊಂದನೆಯ ತರಗತಿಯ ಶರತ್ಕಾಲದಲ್ಲಿ ಹೋದರೆ ಅಕ್ಟೋಬರ್‌ನ ಪಿಎಸ್‌ಎಟಿ, ಅಂದರೆ ಎಸ್‌ಎಟಿಯ ಪೂರ್ವಭಾವಿ ಪರೀಕ್ಷೆ, ತಪ್ಪುತ್ತದೆ. ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಲೆಕ್ಕಕ್ಕೆ ಬರುವುದು ಆ ವರ್ಷದ್ದೇ. ಪರೀಕ್ಷೆ ತಪ್ಪಿಸಿಕೊಂಡವರು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಅಂಕದ ಮೇಲೆ ಸೇರಿಕೊಳ್ಳುವ ಪರ್ಯಾಯ ದಾರಿ ಇದೆ. ಆದರೆ ಅದನ್ನು ಬರೆದು ಕೇಳಬೇಕು, ನೀವು ನೆನಪಿಸದಿದ್ದರೆ ಮನೆಯ ಶಾಲೆಯವರು, ಅಂದರೆ ಮಗು ಇಲ್ಲಿ ಓದುತ್ತಿರುವ ಶಾಲೆಯವರು, ತಾವಾಗಿ ಕೇಳುವುದಿಲ್ಲ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಿಗೆ ಹೆಸರು ನೋಂದಾಯಿಸುವ ಗಡುವೂ ನವೆಂಬರ್ ಮಧ್ಯದಲ್ಲೇ ಬರುತ್ತದೆ, ಆಗ ಮಗು ಊರಿನಲ್ಲಿರುವುದಿಲ್ಲ. ವಸಂತ ಸೆಮಿಸ್ಟರ್‌ಗೆ ಹೋದರೆ ಮೇ ತಿಂಗಳ ಮೊದಲ ಎರಡು ವಾರಗಳ ಎಪಿ ಪರೀಕ್ಷೆಗಳೇ ಅಡ್ಡ ಬರುತ್ತವೆ, ಮುಂದಿನ ವರ್ಷದ ವಿಷಯಗಳ ಆಯ್ಕೆಯೂ ಮಗು ಇಲ್ಲದಾಗಲೇ ನಡೆದುಹೋಗುತ್ತದೆ.

ನನ್ನ ಮತ ಕೇಳಿದರೆ ಹತ್ತನೆಯ ತರಗತಿಯ ವಸಂತವೇ ಒಳ್ಳೆಯದು. ಎಪಿಯ ಭಾರ ಇನ್ನೂ ಹೆಗಲೇರಿರುವುದಿಲ್ಲ, ಮಗು ಒಂಟಿಯಾಗಿ ಇರುವಷ್ಟು ಬಲಿತಿರುತ್ತದೆ. ಕಾಲೇಜು ಅರ್ಜಿಗೆ ಒಳ್ಳೆಯದೆಂದು ಹನ್ನೊಂದಕ್ಕೇ ಮುಂದೂಡುವ ತಂದೆತಾಯಿಗಳನ್ನು ಕಂಡಿದ್ದೇನೆ. ಆ ಲೆಕ್ಕಾಚಾರ ಮಗುವಿನ ಕಿವಿಗೆ ಬಿದ್ದರೆ ಮಗು ಅಲ್ಲಿಗೆ ಕಡಲು ನೋಡಲು ಹೋಗುವುದಿಲ್ಲ, ಪ್ರಬಂಧಕ್ಕೆ ವಸ್ತು ಹುಡುಕಲು ಹೋಗುತ್ತದೆ.

ಕರ್ನಾಟಕದಲ್ಲಿದ್ದುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಪಿಯುಸಿ ಅಥವಾ ಸಿಬಿಎಸ್‌ಇ ಓದುವ ಮಗುವಿಗೆ ಸೆಮಿಸ್ಟರ್ ಪೂರ್ತಿ ಹೊರಗಿರುವುದು ಸಾಧ್ಯವಾಗುವ ಮಾತಲ್ಲ, 75 ಶೇಕಡಾ ಹಾಜರಾತಿಯ ನಿಯಮವೇ ಬಾಗಿಲು ಮುಚ್ಚುತ್ತದೆ. ನಿಮಗೆ ಬೇಸಿಗೆ ಶಿಬಿರವೇ ಸರಿ. ಅದಕ್ಕೂ ಅಮೆರಿಕದ ಮೇಲೆ ಹಾದು ಹೋಗುವುದಾದರೆ ವಿಮಾನ ಬದಲಿಸುವುದಕ್ಕೇ ಆ ದೇಶದ ವೀಸಾ ಬೇಕು.

ಹೆಜ್ಜೆ 2: ಮನೆಯ ಶಾಲೆಯೊಂದಿಗೆ ಬರಹದಲ್ಲಿ ಒಪ್ಪಂದ

ಈ ಇಡೀ ಬರಹದಲ್ಲಿ ಒಂದೇ ಹೆಜ್ಜೆ ಓದುವುದಾದರೆ ಇದನ್ನು ಓದಿ. ದ್ವೀಪದ ಶಾಲೆಯವರು ಅಂಕಪಟ್ಟಿ ಕೊಡುತ್ತಾರೆ. ಅದನ್ನು ಯಾವ ವಿಷಯದ ಕ್ರೆಡಿಟ್ ಎಂದು ಒಪ್ಪಿಕೊಳ್ಳುವುದು ಮನೆಯ ಶಾಲೆಯ ಕೈಯಲ್ಲಿದೆ. ಅಲ್ಲಿ ಕಲಿಸುವ ಕಡಲ ಪರಿಸರದ ಸಂಶೋಧನೆ ಇಲ್ಲಿ ಪ್ರಯೋಗಾಲಯ ಸಹಿತ ವಿಜ್ಞಾನವಾಗುತ್ತದೆಯೋ ಐಚ್ಛಿಕ ವಿಷಯವಾಗುತ್ತದೆಯೋ? ಇತಿಹಾಸದ ತರಗತಿ ರಾಜ್ಯ ಕಡ್ಡಾಯ ಮಾಡಿರುವ ಇತಿಹಾಸಕ್ಕೆ ಸಮವೋ? ಬಂದ ಗ್ರೇಡುಗಳು ಜಿಪಿಎಗೆ, ಅಂದರೆ ಗ್ರೇಡುಗಳ ಒಟ್ಟು ಸರಾಸರಿಗೆ, ಸೇರುತ್ತವೆಯೋ, ಬರಿಯ ಪಾಸು ಎಂದು ನಮೂದಾಗುತ್ತವೆಯೋ? ಸ್ಪ್ಯಾನಿಷ್ ಮೂರನೆಯ ವರ್ಷ ನಡುವೆ ನಿಂತರೆ ಮುಂದೇನು?

ನಾವು ಮನೆಯ ಶಾಲೆಯ ಕೌನ್ಸೆಲರ್ ಅವರನ್ನು ಭೇಟಿಯಾದಾಗ ಅವರು ಬಹಳ ಪ್ರೀತಿಯಿಂದ "ಎಲ್ಲಾ ಸರಿಹೋಗುತ್ತದೆ" ಎಂದರು. ಆ ಮಾತಿಗೆ ಕಾಗದದ ಬೆಲೆ ಇಲ್ಲ. ಅದೇ ಸಂಜೆ ನಾನೊಂದು ಮಿಂಚಂಚೆ ಬರೆದೆ: ಈ ವಿಷಯಕ್ಕೆ ಈ ಕ್ರೆಡಿಟ್, ಈ ವಿಷಯಕ್ಕೆ ಇದು, ನಾವು ಅರ್ಥಮಾಡಿಕೊಂಡದ್ದು ಸರಿಯೇ ಎಂದು. ಉತ್ತರ ಬರುವವರೆಗೆ ವಾರಕ್ಕೊಮ್ಮೆ ನೆನಪಿಸಿದೆ. ಮೂರನೆಯ ವಾರ "ಸರಿ" ಎಂದು ಒಂದೇ ಪದದ ಉತ್ತರ ಬಂತು. ಅದನ್ನು ಮುದ್ರಿಸಿ, ಪಾಸ್‌ಪೋರ್ಟು ಇಡುವ ಕಡತದಲ್ಲೇ ಇಟ್ಟೆ. ಹೆಂಡತಿ ಇದನ್ನು ಅತಿ ಎಂದಳು.

ಗಣಿತವನ್ನು ಬೇರೆಯಾಗಿಯೇ ವಿಚಾರಿಸಿ. ಸಾಹಿತ್ಯದಲ್ಲಿ ನಾಲ್ಕು ತಿಂಗಳು ಬೇರೆ ಪುಸ್ತಕ ಓದಿದರೆ ನಷ್ಟವಿಲ್ಲ. ಗಣಿತದಲ್ಲಿ ಒಂದು ಅಧ್ಯಾಯ ಬಿಟ್ಟುಹೋದರೆ ಮುಂದಿನದು ಅರ್ಥವಾಗುವುದಿಲ್ಲ. ಮನೆಯ ಶಾಲೆಯ ಗಣಿತ ಶಿಕ್ಷಕರಿಂದ ಆ ಸೆಮಿಸ್ಟರ್‌ನ ಪಾಠಪಟ್ಟಿ ತೆಗೆದುಕೊಂಡು ಮೊದಲೇ ದ್ವೀಪದ ಶಾಲೆಗೆ ಕಳುಹಿಸಿ ಹೋಲಿಸಿ ನೋಡಲು ಕೇಳಿ.

ಹೆಜ್ಜೆ 3: ಅರ್ಜಿ

ಅಂಕಪಟ್ಟಿ, ಶಿಕ್ಷಕರ ಶಿಫಾರಸು, ಮಗುವಿನ ಸ್ವಂತ ಬರಹ. ಬರಹವನ್ನು ಮಗುವೇ ಬರೆಯಲಿ, ನೀವು ಕಾಗುಣಿತ ನೋಡಿದರೆ ಸಾಕು. ತಿದ್ದಿ ತಿದ್ದಿ ಹೊಳಪು ಕೊಟ್ಟ ಪ್ರಬಂಧ ಓದುವವರಿಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಹಿಂದೆ ಹೋಗಿ ಬಂದ ಮಕ್ಕಳ ಮನೆಯವರೊಂದಿಗೆ ಮಾತನಾಡಿಸಿ ಎಂದು ಶಾಲೆಯನ್ನು ಕೇಳುವುದಕ್ಕೆ ಸಂಕೋಚ ಬೇಡ.

ಹಣದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇದು ದುಬಾರಿ, ಖಾಸಗಿ ವಸತಿ ಶಾಲೆಯ ಮಟ್ಟದ್ದು. ಮನೆಯ ಆದಾಯ ನೋಡಿ ನೀಡುವ ಶುಲ್ಕ ರಿಯಾಯಿತಿಗೆ ಪ್ರವೇಶದ ಅರ್ಜಿಯ ಜೊತೆಯಲ್ಲೇ ಕೇಳಬೇಕು, ಸೀಟು ಸಿಕ್ಕ ಮೇಲೆ ಕೇಳಿದರೆ ನಿಧಿ ಖಾಲಿಯಾಗಿರುತ್ತದೆ. ಮಗು ಸರ್ಕಾರಿ ಹೈಸ್ಕೂಲಿನಲ್ಲಿ ಓದುತ್ತಿದ್ದರೆ ಉಳಿತಾಯವಾಗುವ ಶುಲ್ಕವೇನೂ ಇಲ್ಲ, ಪೂರ್ತಿ ಹೊಸ ಖರ್ಚು. ಅದರ ಮೇಲೆ ವಿಮಾನ, ವಿಮೆ, ಮುಳುಗುವ ಸಾಮಗ್ರಿ. ಅಲ್ಲಿ ಕೈಖರ್ಚಿಗೆ ಹೆಚ್ಚು ಬೇಡ. ಬಹಾಮಾಸ್ ಡಾಲರಿಗೂ ಅಮೆರಿಕದ ಡಾಲರಿಗೂ ಬೆಲೆ ಒಂದೇ, ಎರಡೂ ನೋಟುಗಳು ನಡೆಯುತ್ತವೆ.

ಹೆಜ್ಜೆ 4: ಪಾಸ್‌ಪೋರ್ಟು, ವೀಸಾ, ಹಿಂದಿರುಗುವ ದಾರಿ

ಮಗುವಿಗೆ ಅಮೆರಿಕದ ಪಾಸ್‌ಪೋರ್ಟು ಇದ್ದರೆ ಈ ಹೆಜ್ಜೆಯ ಬಹುಪಾಲು ದಾಟಿ ಮುಂದೆ ಹೋಗಬಹುದು. ಗ್ರೀನ್ ಕಾರ್ಡ್ ಇದ್ದರೂ ನೂರು ದಿನದ ಗೈರುಹಾಜರಿ ಆರು ತಿಂಗಳೊಳಗೇ ಇರುವುದರಿಂದ ತೊಂದರೆಯಾಗುವುದಿಲ್ಲ.

ಕಷ್ಟ ಇರುವುದು ನಮ್ಮಂತೆ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಿಗೆ, ಅವಲಂಬಿತರ ಎಚ್-4 ವೀಸಾ ಮೇಲಿರುವ ಮಗುವಿಗೆ. "ಐ-797 ಅನುಮೋದನೆ ಪತ್ರ ಇದೆಯಲ್ಲ" ಎಂದು ಎಷ್ಟೋ ಜನ ನಿಶ್ಚಿಂತೆಯಿಂದ ಇರುತ್ತಾರೆ. ಆ ಪತ್ರದಿಂದ ದೇಶದೊಳಗೆ ಇರಬಹುದು, ಹೊರಗೆ ಹೋದವರು ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ವೀಸಾ ಸ್ಟ್ಯಾಂಪ್ ಬೇಕು. ಸ್ಟ್ಯಾಂಪ್ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿಬರುವವರಿಗೆ ಒಂದು ರಿಯಾಯಿತಿ ಇದೆ. ಪಕ್ಕದ ದ್ವೀಪಗಳಿಗೂ ಆ ರಿಯಾಯಿತಿ ಇರುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ, ಅದೂ 30 ದಿನಕ್ಕೇ. ನೂರು ದಿನದ ಸೆಮಿಸ್ಟರ್ ಯಾವ ಲೆಕ್ಕದಲ್ಲೂ ಅದರೊಳಗೆ ಬರುವುದಿಲ್ಲ. ಆದ್ದರಿಂದ ಸ್ಟ್ಯಾಂಪಿಂಗ್ ಬಾಕಿ ಇದ್ದರೆ ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗಲೇ ಮುಗಿಸಿಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಬಹಾಮಾಸ್ ರಾಜಧಾನಿ ನಸ್ಸೌನಲ್ಲಿ ಮಾಡಿಸಿಕೊಂಡು ಬರೋಣ ಎಂಬ ಯೋಚನೆ ಬೇಡ. ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತದಲ್ಲಿರುವವರು ವಕೀಲರನ್ನು ಕೇಳದೆ ಟಿಕೆಟ್ ತೆಗೆಯಬಾರದು.

ಬಹಾಮಾಸ್ ಒಳಗೆ ಹೋಗಲು ಭಾರತದ ಪಾಸ್‌ಪೋರ್ಟಿಗೆ ಇರುವ ನಿಯಮ ಬೇರೆ. ಶಾಲೆಯ ಪ್ರವೇಶ ಪತ್ರವನ್ನು ಲಗತ್ತಿಸಿ ವಾಷಿಂಗ್ಟನ್‌ನಲ್ಲಿರುವ ಬಹಾಮಾಸ್ ರಾಯಭಾರ ಕಚೇರಿಗೆ ಬರೆಯಿರಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಯಾವ ಪಾಸ್‌ಪೋರ್ಟಿನ ಮಗುವೇ ಆಗಲಿ, ತಂದೆತಾಯಿ ಇಬ್ಬರೂ ಸಹಿ ಹಾಕಿ ನೋಟರಿ ಮಾಡಿಸಿದ ಪ್ರಯಾಣದ ಒಪ್ಪಿಗೆ ಪತ್ರ ಮಗುವಿನ ಕೈಚೀಲದಲ್ಲಿರಲಿ. ಚೆಕ್ ಇನ್ ಮಾಡಿದ ಪೆಟ್ಟಿಗೆಯಲ್ಲಿ ಅದನ್ನು ಇಟ್ಟವರಿದ್ದಾರೆ.

ಹೆಜ್ಜೆ 5: ಈಜು

ಈ ಶಾಲೆಯಲ್ಲಿ ನೀರು ತರಗತಿಯ ಕೋಣೆ ಇದ್ದಂತೆ. ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಕಲಿಸುತ್ತಾರೆ, ಕಯಾಕ್ ದೋಣಿಯಲ್ಲಿ ದಿನಗಟ್ಟಲೆ ಯಾನ ಕರೆದೊಯ್ಯುತ್ತಾರೆ, ಆ ಯಾನದಲ್ಲಿ ಕಡಲಂಚಿನಲ್ಲಿ ಒಬ್ಬೊಬ್ಬರೇ ಏಕಾಂತವಾಗಿ ಕಳೆಯುವ ಹೊತ್ತೂ ಇರುತ್ತದೆ. ಸೆಮಿಸ್ಟರ್ ಕೊನೆಗೆ ಅರ್ಧ ಮ್ಯಾರಥಾನ್ ಓಡಬೇಕು ಅಥವಾ ನಾಲ್ಕು ಮೈಲಿ, ಅಂದರೆ ಸುಮಾರು ಆರೂವರೆ ಕಿಲೋಮೀಟರ್, ಕಡಲಿನಲ್ಲಿ ಈಜಬೇಕು. ಇದಕ್ಕೆ ಅಲ್ಲಿಯೇ ತಯಾರು ಮಾಡುತ್ತಾರೆ, ಮುಳುಗುವ ಭಯ ಮಾತ್ರ ಮನೆಯಲ್ಲೇ ಕಳೆದಿರಬೇಕು.

ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಕೊಳದಲ್ಲಿ ಎರಡು ಸುತ್ತು ಹೊಡೆದು "ಈಜು ಬರುತ್ತದೆ" ಎನ್ನುತ್ತಾರೆ. ಕೊಳದಲ್ಲಿ ತಳದ ನೀಲಿ ಗೆರೆ ಕಾಣುತ್ತದೆ, ದಣಿದರೆ ಗೋಡೆ ಸಿಗುತ್ತದೆ. ಕಡಲಿನಲ್ಲಿ ಎರಡೂ ಇಲ್ಲ. ಆರು ತಿಂಗಳ ಮೊದಲೇ ವಾರಕ್ಕೆ ಮೂರು ದಿನ ನಿಲ್ಲದೆ ಅರ್ಧ ಗಂಟೆ ಈಜುವ ಅಭ್ಯಾಸ ಮಾಡಿಸಿ. ಸಾಧ್ಯವಾದರೆ ಕೆರೆಯಲ್ಲೋ ಕಡಲಿನಲ್ಲೋ ಕೆಲವು ದಿನ ಈಜಲಿ, ನಾಲ್ಕೈದು ಹೊಡೆತಕ್ಕೊಮ್ಮೆ ತಲೆಯೆತ್ತಿ ದಿಕ್ಕು ನೋಡುವುದನ್ನು ಕಲಿಯಲಿ. ನಾನು ಹುಟ್ಟಿದ್ದು ಶರಾವತಿಯ ಹಿನ್ನೀರಿನ ಹತ್ತಿರ. ಈಜು ಕಲಿಸಿದವರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೂಕಿದ್ದರು. ಆ ವಿಧಾನವನ್ನು ಇಲ್ಲಿ ಶಿಫಾರಸು ಮಾಡುವುದಿಲ್ಲ.

ಸ್ಕೂಬಾಕ್ಕೆ ವೈದ್ಯಕೀಯ ಪ್ರಶ್ನಾವಳಿ ತುಂಬಬೇಕು. ಆಸ್ತಮಾ, ಫಿಟ್ಸ್, ಕಿವಿಯ ಶಸ್ತ್ರಚಿಕಿತ್ಸೆ ಯಾವುದಿದ್ದರೂ ಮುಚ್ಚಿಡಬೇಡಿ. "ಚಿಕ್ಕಂದಿನಲ್ಲಿ ಸ್ವಲ್ಪ ಉಬ್ಬಸ ಇತ್ತು, ಈಗಿಲ್ಲ" ಎಂಬುದನ್ನೂ ವೈದ್ಯರ ಮುಂದೆ ಹೇಳಿ, ಅವರ ಸಹಿಯ ಮೇಲೆ ಮುಂದುವರಿಯಿರಿ. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಪಡಿಸಿಕೊಳ್ಳಬೇಕು. ನೆಗಡಿ ಇದ್ದ ದಿನ ಇದು ಆಗುವುದಿಲ್ಲ. ಆ ದಿನ ನೀರಿಗಿಳಿಯದೆ ದಡದಲ್ಲಿ ಕೂರುವುದು ಅವಮಾನವಲ್ಲ ಎಂದು ಮಗುವಿಗೆ ಮೊದಲೇ ಹೇಳಿಡಿ.

ಹೆಜ್ಜೆ 6: ಆರೋಗ್ಯ, ವಿಮೆ, ಚಂಡಮಾರುತ

ಅಮೆರಿಕದ ಎಷ್ಟೋ ಆರೋಗ್ಯ ವಿಮೆಗಳು ದೇಶದ ಹೊರಗೆ ಕೆಲಸ ಮಾಡುವುದಿಲ್ಲ. ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚನ್ನೂ ಭರಿಸುವ ವಿಮೆ ತೆಗೆದುಕೊಳ್ಳಿ. ದ್ವೀಪದಲ್ಲಿ ಚಿಕ್ಕ ಕ್ಲಿನಿಕ್ಕುಗಳಷ್ಟೇ ಇವೆ, ದೊಡ್ಡ ಚಿಕಿತ್ಸೆಗೆ ನಸ್ಸೌ ಅಥವಾ ಫ್ಲಾರಿಡಾಕ್ಕೇ ಹೋಗಬೇಕು.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 1992ರ ಆಗಸ್ಟ್‌ನಲ್ಲಿ ಆಂಡ್ರೂ ಎಲುಥೆರಾದ ಮೇಲೇ ಹಾದುಹೋಗಿತ್ತು. 2019ರ ಡೋರಿಯನ್ ಅಬಾಕೊ ಮತ್ತು ಗ್ರ್ಯಾಂಡ್ ಬಹಾಮಾವನ್ನು ನೆಲಸಮ ಮಾಡಿತು. ಶರತ್ಕಾಲದ ಸೆಮಿಸ್ಟರ್ ಹೆಚ್ಚುಕಡಿಮೆ ಈ ಅವಧಿಯೊಳಗೇ ಬರುವುದರಿಂದ ಮಕ್ಕಳನ್ನು ಯಾವಾಗ, ಎಲ್ಲಿಗೆ ಸಾಗಿಸುತ್ತಾರೆ ಎಂಬ ಯೋಜನೆಯನ್ನು ಶಾಲೆಯಿಂದ ಕೇಳಿ ಓದಿಕೊಳ್ಳಿ. ಪ್ರಯಾಣ ವಿಮೆಯನ್ನು ಮುಂಚೆಯೇ ಕೊಳ್ಳಿ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಕೊಂಡ ವಿಮೆ ಅದರ ನಷ್ಟವನ್ನು ತುಂಬುವುದಿಲ್ಲ.

ಇನ್ನು ಚಿಕ್ಕ ವಿಷಯಗಳು: ಸಂಜೆ ಕಚ್ಚುವ, ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣ, ಮತ್ತು ಪಾಯ್ಸನ್‌ವುಡ್ ಎಂಬ ಮರ. ಇದು ಮಾವು, ಗೇರು ಇವುಗಳ ಕುಟುಂಬದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡ ಕರಾವಳಿಯವರಿಗೆ ಬೇರೆ ವಿವರಣೆ ಬೇಕಿಲ್ಲ.

ಹೆಜ್ಜೆ 7: ಊಟ

ನನ್ನ ತಾಯಿ ಸಾಗರ ಊರಿನಿಂದ ಫೋನ್ ಮಾಡಿ ಕೇಳಿದ ಏಕೈಕ ಪ್ರಶ್ನೆ, "ಅಲ್ಲಿ ಮಗುವಿನ ಊಟಕ್ಕೆ ಏನು?" ಶಾರ್ಕಿನ ಬಗ್ಗೆ ಅವರು ಕೇಳಲೇ ಇಲ್ಲ.

ಬಹಾಮಾಸ್‌ನ ದಿನನಿತ್ಯದ ಅನ್ನ ಪೀಸ್ ಆ್ಯಂಡ್ ರೈಸ್. ಹೆಸರು ಕೇಳಿದರೆ ಬಟಾಣಿ ಅನ್ನ ಅನ್ನಿಸುತ್ತದೆ, ಆದರೆ ಅದರಲ್ಲಿರುವುದು ತೊಗರಿ. ಹೌದು, ಕಲಬುರಗಿಯ ತೊಗರಿಯೇ, ಬೇಳೆ ಮಾಡದ ಇಡೀ ಕಾಳು. ಭಾರತದ ಈ ಕಾಳು ಆಫ್ರಿಕಾ ಸೇರಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಅಟ್ಲಾಂಟಿಕ್ ದಾಟಿತು. "ತೊಗರಿ ಇದೆಯಂತೆ ಅಮ್ಮ" ಎಂದಾಗ ತಾಯಿಗೆ ಅರ್ಧ ಸಮಾಧಾನವಾಯಿತು. ಇನ್ನರ್ಧ ನಾನು ಹೇಳಲಿಲ್ಲ. ಸಸ್ಯಾಹಾರಿಗಳು ಎಚ್ಚರವಾಗಿರಬೇಕಾದದ್ದು ಇಲ್ಲಿಯೇ: ಹಳ್ಳಿಯ ಮನೆಗಳಲ್ಲಿ ಈ ಅನ್ನಕ್ಕೆ ಒಗ್ಗರಣೆಯ ಜಾಗದಲ್ಲಿ ಹಂದಿಯ ಉಪ್ಪುಮಾಂಸ ಅಥವಾ ಬೇಕನ್ ಹಾಕುವುದು ರೂಢಿ. ಕಣ್ಣಿಗೆ ಕಾಣದು. "ಮಾಂಸ ಇದೆಯೇ" ಎಂದರೆ ಇಲ್ಲ ಎನ್ನಬಹುದು, ಏಕೆಂದರೆ ಅವರಿಗೆ ಅದು ರುಚಿಗೆ ಹಾಕಿದ್ದು. "ಬೇಕನ್ ಹಾಕಿದ್ದೀರಾ" ಎಂದೇ ಕೇಳಲು ಕಲಿಸಿ. ಜಾನಿಕೇಕ್ ಎಂಬ ದಪ್ಪ ರೊಟ್ಟಿ, ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿ ಚೀಸ್, ಪೇರಳೆಹಣ್ಣಿನ ಡಫ್ ಎಂಬ ಸಿಹಿಕಡುಬು ಹೊಟ್ಟೆ ತುಂಬಿಸುತ್ತವೆ. ಅಲ್ಲಿಯವರು ಡಿಲ್ಲಿ ಎನ್ನುವ ಹಣ್ಣು ನಮ್ಮ ಸಪೋಟ. ಎಲುಥೆರಾ ಅನಾನಸ್ಸಿಗೆ ಹೆಸರಾದ ದ್ವೀಪ. ಆಹಾರದ ಕಟ್ಟುಪಾಡನ್ನು ಅರ್ಜಿಯಲ್ಲೇ ಬರೆಯಿರಿ. ಮೊಟ್ಟೆ ತಿನ್ನುತ್ತದೆಯೋ ಇಲ್ಲವೋ ಎಂಬುದನ್ನೂ ಬಿಡಿಸಿ ಹೇಳಿ, "ವೆಜಿಟೇರಿಯನ್" ಎಂಬ ಪದಕ್ಕೆ ಪ್ರತಿ ಊರಿನಲ್ಲೂ ಬೇರೆ ಅರ್ಥವಿದೆ.

ಶಂಖದ ವಿಷಯಕ್ಕೂ ಮಗುವನ್ನು ಸಿದ್ಧಪಡಿಸಿ. ನಾವು ಪೂಜೆಗೆ ಊದುವ ಶಂಖದ ಬಂಧುವನ್ನು ಅವರು ಕರಿದು ತಿನ್ನುತ್ತಾರೆ, ನಿಂಬೆರಸ ಹಿಂಡಿ ಹಸಿಯಾಗಿಯೂ ತಿನ್ನುತ್ತಾರೆ. ಅವರ ರಾಷ್ಟ್ರಲಾಂಛನದ ನೆತ್ತಿಯ ಮೇಲೂ ಶಂಖವೇ ಕೂತಿದೆ. ಮುಖ ಕಿವಿಚದೆ "ಬೇಡ, ಧನ್ಯವಾದ" ಎನ್ನಲು ಬಂದರೆ ಸಾಕು.

ಹೆಜ್ಜೆ 8: ಪೆಟ್ಟಿಗೆ

ಶಾಲೆಯವರು ಪಟ್ಟಿ ಕೊಡುತ್ತಾರೆ, ಅದನ್ನೇ ಅನುಸರಿಸಿ. ನಾನು ಸೇರಿಸುವುದು ಕೆಲವೇ: ಉದ್ದ ತೋಳಿನ ಈಜುಡುಗೆ ಎರಡು, ಏಕೆಂದರೆ ಒಂದು ಯಾವಾಗಲೂ ಒದ್ದೆ. ಮುಖಕ್ಕೆ ಸರಿಯಾಗಿ ಕೂರುವ, ನೀರಿನೊಳಗೆ ನೋಡುವ ಮಾಸ್ಕ್, ಅಂಗಡಿಗೆ ಹೋಗಿ ಹಾಕಿ ನೋಡಿಯೇ ತೆಗೆದುಕೊಳ್ಳಿ. ಅಲಾರಂ ಇರುವ ಅಗ್ಗದ ಕೈಗಡಿಯಾರ. ವಸಂತ ಸೆಮಿಸ್ಟರ್ ಶುರುವಾಗುವಾಗ ನೀರು ತಣ್ಣಗಿರುವುದರಿಂದ ಮೈ ಬೆಚ್ಚಗಿಡುವ ವೆಟ್‌ಸೂಟ್. ಗಟ್ಟಿ ರಟ್ಟಿನ ನೋಟ್‌ಬುಕ್ಕುಗಳು. ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಕಂಪನಿಯ ಮೊಹರು ಒಡೆಯದ್ದು.

ಹೆಜ್ಜೆ 9: ದ್ವೀಪದ ನಡವಳಿಕೆ

ಎಲುಥೆರಾ ಸುಮಾರು 180 ಕಿಲೋಮೀಟರ್ ಉದ್ದ, ಬಹಳ ಕಡೆ ಅಗಲ ಒಂದೆರಡು ಕಿಲೋಮೀಟರಿನಷ್ಟೇ. ಉತ್ತರದ ಗ್ಲಾಸ್ ವಿಂಡೋ ಸೇತುವೆಯ ಮೇಲೆ ನಿಂತರೆ ಒಂದು ಕೈಗೆ ಅಟ್ಲಾಂಟಿಕ್‌ನ ಕಡುನೀಲಿ, ಇನ್ನೊಂದು ಕೈಗೆ ತಿಳಿಹಸಿರು ಕಡಲು. ನದಿಗಳಿಲ್ಲ. ಸುಣ್ಣಕಲ್ಲಿನ ನೆಲದಲ್ಲಿ ಸಿಹಿನೀರು ಕಡಿಮೆ, ಶಾಲೆಯವರು ಚಾವಣಿಯ ಮಳೆನೀರನ್ನೇ ತೊಟ್ಟಿಗಳಲ್ಲಿ ಹಿಡಿದು ಬಳಸುತ್ತಾರೆ. ಸ್ನಾನವೆಂದರೆ ಮೈ ತೋಯಿಸಿಕೊಂಡು ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಸ್ವಲ್ಪ ನೀರು. ಬಿಸಿನೀರಿನಡಿ ಇಪ್ಪತ್ತು ನಿಮಿಷ ನಿಲ್ಲುವ ಮಗುವಿಗೆ ಒಂದು ತಿಂಗಳು ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿ. ನಮ್ಮಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು.

ಹಳ್ಳಿಗಳಿಗೆ ಅಲ್ಲಿ ಸೆಟಲ್‌ಮೆಂಟ್ ಎನ್ನುತ್ತಾರೆ: ಡೀಪ್ ಕ್ರೀಕ್, ರಾಕ್ ಸೌಂಡ್, ಟಾರ್ಪಮ್ ಬೇ. ಅಂಗಡಿಗೆ ಕಾಲಿಟ್ಟ ಕೂಡಲೇ ಒಳಗಿರುವ ಎಲ್ಲರಿಗೂ ಕೇಳುವಂತೆ "ಗುಡ್ ಮಾರ್ನಿಂಗ್" ಹೇಳಬೇಕು. ಹೇಳದೆ ನೇರ ಬೆಲೆ ಕೇಳುವ ಮಗುವನ್ನು ಮನೆಯಲ್ಲಿ ಕಲಿಸಿಲ್ಲದ ಮಗು ಎಂದೇ ತಿಳಿಯುತ್ತಾರೆ. ಈಜುಡುಗೆಯಲ್ಲಿ ಊರೊಳಗೆ ತಿರುಗಬಾರದು. ಭಾನುವಾರ ಚರ್ಚಿನ ದಿನ.

ಇತಿಹಾಸವನ್ನೂ ಸ್ವಲ್ಪ ಓದಿಸಿ. 1648ರ ಹೊತ್ತಿಗೆ ಬರ್ಮುಡಾದಿಂದ ಧಾರ್ಮಿಕ ಸ್ವಾತಂತ್ರ್ಯ ಅರಸಿ ಬಂದವರು ಈ ದ್ವೀಪಕ್ಕೆ ಗ್ರೀಕ್ ಭಾಷೆಯಲ್ಲಿ "ಸ್ವತಂತ್ರ" ಎಂಬರ್ಥದ ಹೆಸರು ಕೊಟ್ಟರು. ಅದೇ ನೆಲದಲ್ಲಿ ಮುಂದೆ ಗುಲಾಮರು ದುಡಿದರು. ಇಂದಿನ ಜನರಲ್ಲಿ ಬಹುಪಾಲು ಅವರ ಸಂತತಿ. 1973ರ ಜುಲೈ 10ರಂದು ದೇಶ ಸ್ವತಂತ್ರವಾಯಿತು. ಭಾರತದಿಂದ ಕೂಲಿಗಳಾಗಿ ಹೋದವರ ಮೊಮ್ಮಕ್ಕಳನ್ನು ಇಲ್ಲಿ ಹುಡುಕಬೇಡಿ, ಅವರಿರುವುದು ಟ್ರಿನಿಡಾಡ್, ಗಯಾನಾಗಳಲ್ಲಿ. ನಿಮ್ಮ ಮಗು ಅಲ್ಲಿ ಬಹುಶಃ ಒಂದೇ ಭಾರತೀಯ ಮುಖವಾಗಿರುತ್ತದೆ.

ಹೆಜ್ಜೆ 10: ನಿಮ್ಮ ಪಾಲಿನ ಮೌನ

ಮೊಬೈಲ್ ಬದಿಗಿಟ್ಟು ಬದುಕುವುದು ಈ ಶಾಲೆಯ ಪಾಠಗಳಲ್ಲೊಂದು. ಮೊದಲ ಎರಡು ವಾರ ಕಷ್ಟ ಮಗುವಿಗಿಂತ ನಮಗೇ ಹೆಚ್ಚು. ಪತ್ರ ಬರೆಯಿರಿ. ಹೊರಡುವ ಮೊದಲೇ ನಾಲ್ಕಾರು ಪತ್ರ ಬರೆದು ಮಗುವಿನ ಪೆಟ್ಟಿಗೆಯಲ್ಲಿಟ್ಟರೆ ಅಂಚೆಯ ನಿಧಾನಕ್ಕೆ ಉತ್ತರವಾಗುತ್ತದೆ. ಮೂರನೆಯ ವಾರದಲ್ಲಿ ಅಳುತ್ತಾ ಒಂದು ಕರೆ ಬರಬಹುದು. ಆ ಕರೆ ಮುಗಿದ ಕೂಡಲೇ ವಿಮಾನದ ದರ ನೋಡಬೇಡಿ. ನಾನು ನೋಡಿದ್ದೆ.

ಹೆಜ್ಜೆ 11: ವಾಪಸಾತಿ

ಕೊನೆಯ ಬಾರಿ ಸ್ಕೂಬಾ ಮುಳುಗಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಟಿಕೆಟ್ ತೆಗೆಯುವಾಗ ಇದು ನೆನಪಿರಲಿ. ನಸ್ಸೌ ಮೂಲಕ ಬರುವುದಾದರೆ ಅಮೆರಿಕದ ವಲಸೆ ತಪಾಸಣೆ ನಸ್ಸೌ ವಿಮಾನ ನಿಲ್ದಾಣದಲ್ಲೇ ಮುಗಿಯುತ್ತದೆ. ಹಾಗಾಗಿ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ, ಕಾಗದಪತ್ರಗಳೆಲ್ಲ ಅಲ್ಲಿಯೇ ಕೈಯಲ್ಲಿರಬೇಕು. ಹವಳದ ತುಂಡು, ಶಂಖ ನೆನಪಿಗೆಂದು ತರುವುದು ಬೇಡ, ಅವುಗಳ ಸಾಗಣೆಗೆ ಅಂತರರಾಷ್ಟ್ರೀಯ ನಿರ್ಬಂಧಗಳಿವೆ. ಎಚ್-4 ಮಗುವಾದರೆ ಮನೆಗೆ ಬಂದ ದಿನವೇ ಹೊಸ ಐ-94 ಎಂಬ ಪ್ರವೇಶ ದಾಖಲೆ ತೆಗೆದು ಅದರ ಕೊನೆಯ ದಿನಾಂಕ ನೋಡಿಕೊಳ್ಳಿ.

ಆಮೇಲೆ ಉಳಿಯುವುದು ಅಂಕಪಟ್ಟಿ. ಅದು ಮನೆಯ ಶಾಲೆ ತಲುಪಿದೆಯೇ ಎಂದು ನೀವೇ ವಿಚಾರಿಸಿ. ನಮ್ಮಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ ಹಳೆಯ ಕೌನ್ಸೆಲರ್ ಕೆಲಸ ಬಿಟ್ಟು ಹೋಗಿದ್ದರು. ಹೊಸಬರು ಪಟ್ಟಿಯನ್ನು ನೋಡಿ, ಸಂಶೋಧನೆಯ ತರಗತಿಯನ್ನು ವಿಜ್ಞಾನವೆಂದು ಒಪ್ಪಲು ಬರುವುದಿಲ್ಲ, ಮಗಳು ಜೀವಶಾಸ್ತ್ರದ ಅರ್ಧ ಕ್ರೆಡಿಟ್ ಮತ್ತೆ ಮಾಡಬೇಕು ಎಂದರು. ಹೆಂಡತಿ ಮಾತಿಲ್ಲದೆ ಎದ್ದು, ಪಾಸ್‌ಪೋರ್ಟಿನ ಕಡತದಿಂದ ಆ ಒಂದು ಪದದ ಮಿಂಚಂಚೆಯನ್ನು ತೆಗೆದು ಮೇಜಿನ ಮೇಲಿಟ್ಟಳು.